ತಲೆಕೆಳಗಾಗಿ ಕಳೆದ ಮಳೆಗಾಲ

ಮಲ್ಲಾಪುರದ ವಸತಿಗೃಹಗಳ ಮೂರನೇ ಮಹಡಿಗೆ ಒಣಮೀನಿನ ಬುಟ್ಟಿ ಹೊತ್ತು ಹತ್ತಿದಾಗಲೆಲ್ಲ ಕಾಶಿ ಹರಿಕಂತ್ರ ಮೊದಲು ತೆರೆಯುತ್ತಿದ್ದುದು ಬುಟ್ಟಿಯನ್ನಲ್ಲ. ಅದನ್ನು ಬಾಗಿಲ ಬಳಿ ಇಳಿಸಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ಶಾಲೆಯಲ್ಲಿ ಕಲಿಸುವ ಕಲಾವತಿ ಅಕ್ಕೋರ ಬಾಲ್ಕನಿಗೆ ಹೋಗಿ ಮೂಲೆಯ ಒಂದು ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಎರಡು ನಿಮಿಷ ಅದನ್ನು ಸುತ್ತಲಿಂದಲೂ ನೋಡಿ ಆದ ಮೇಲೆಯೇ ತಾರ್ಲೆ ಮೀನು ಎಷ್ಟು, ಶೆಟ್ಲಿ ಸಿಗಡಿ ಎಷ್ಟು ಎಂಬ ಮಾತು.

ಆ ಗಿಡ ಗೇಣುದ್ದವೂ ಇರಲಿಲ್ಲ. ಕಾಂಡವಿಲ್ಲ, ಕೊಂಬೆಯಿಲ್ಲ. ಮಣ್ಣಿನಿಂದ ನೇರವಾಗಿ ಎದ್ದ ದಪ್ಪ ಎಲೆಗಳು ಮೂರು ಸಾಲಾಗಿ ಒಂದರೊಳಗೊಂದು ಕೂತಿದ್ದವು. ಪ್ರತಿ ಎಲೆಯೂ ನಡುವೆ ಮಡಿಚಿಕೊಂಡು ದೋಣಿಯ ತಳದ ಹಾಗೆ ಚೂಪಾಗಿತ್ತು. ಕಡುಹಸಿರಿನ ಮೇಲೆ ಬಿಳಿಯ ಅಡ್ಡಪಟ್ಟೆ, ಅಂಚಿಗೆ ಬಿಳಿ ದಾರ ಹೊಲಿದ ಹಾಗೆ ಒಂದು ಗೆರೆ. ಅಕ್ಕೋರು ಅದನ್ನು ಹುಲಿಪಟ್ಟೆ ಅಲೋ ಎನ್ನುತ್ತಿದ್ದರು. ಕಾಶಿಗೆ ಅದು ಮೊದಲ ದಿನದಿಂದಲೂ ಬಂಗಡೆ. ಬಂಗಡೆ ಮೀನಿನ ಬೆನ್ನು ಹೀಗೆಯೇ ಇರುತ್ತದೆ ಎಂದು ಅವಳ ವಾದ.

ಇದು ಲೋಳೆಸರದ ಜಾತಿಯದೇ ಎಂದು ಅಕ್ಕೋರು ಹೇಳಿದಾಗ ಅವಳು ನಂಬಲಿಲ್ಲ. ಅವರ್ಸಾದಲ್ಲಿ ಅವಳ ಮನೆಯ ಬಾಗಿಲಲ್ಲೂ ಲೋಳೆಸರ ಇತ್ತು. ಕುಂಡದಲ್ಲಲ್ಲ, ದೃಷ್ಟಿ ತಾಗದಿರಲೆಂದು ಬೇರು ಮೇಲೆ, ಎಲೆ ಕೆಳಗೆ ಮಾಡಿ ಹಗ್ಗದಲ್ಲಿ ಕಟ್ಟಿ ತೂಗುಬಿಟ್ಟದ್ದು. ಅವಳ ಕೇರಿಯ ಹೆಚ್ಚಿನ ಮನೆಗಳ ಬಾಗಿಲಲ್ಲೂ ಅದೇ. ಅದನ್ನು ಗಿಡವೆಂದು ಯಾರೂ ನೋಡುತ್ತಿರಲಿಲ್ಲ. ತೋರಣದ ಹಾಗೆ, ಬಾಗಿಲಿನ ಒಂದು ಭಾಗ ಅಷ್ಟೆ.

ಕಾಶಿಗೆ ಆಗ ಐವತ್ತೆರಡು. ಸಂಜೆಯ ಹೊತ್ತಿಗೆ ದಂಡೆಯಲ್ಲಿ ಮಾರಾಟವಾಗದೆ ಉಳಿದ ಮೀನು ಅವಳ ಅಂಗಳಕ್ಕೆ ಬರುತ್ತಿತ್ತು. ಸೀಳಿ, ತೊಳೆದು, ಉಪ್ಪು ಸವರಿ ಮರಳ ಮೇಲೆ ಹಾಸಿದ ಬಲೆಯಲ್ಲಿ ಒಣಗಿಸುವುದು ಮದುವೆಯಾಗಿ ಬಂದ ವರ್ಷದಿಂದ ಅವಳ ಕೆಲಸ. ಹದಿನೈದು ದಿನಕ್ಕೊಮ್ಮೆ ಭಾನುವಾರ ಕಾರವಾರಕ್ಕೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ಮಲ್ಲಾಪುರ. ಕೈಗಾ ಸ್ಥಾವರದ ನೌಕರರ ಮನೆಗಳಲ್ಲಿ ಅವಳ ಮೀನಿಗೆ ಹೆಸರಿತ್ತು. ಮರಳು ಕಚ್ಚುವುದಿಲ್ಲ, ಹುಳ ಬೀಳುವುದಿಲ್ಲ. ಅವಳಿಗೆ ಇನ್ನೊಂದು ಹೆಸರೂ ಇತ್ತು, ಪ್ರಶ್ನೆ ಕೇಳುವವಳೆಂದು. ಮೊಣಕಾಲು ನೋವಿನಿಂದ ಸಮುದ್ರ ಬಿಟ್ಟು ಈಗ ಜಗಲಿಯಲ್ಲಿ ಬಲೆ ಹೆಣೆಯುವ ಗಂಡ ತುಳಸಿದಾಸ ಹೇಳುತ್ತಿದ್ದ, "ಇವಳು ಯಮ ಬಂದ್ರೂ ಕೋಣಕ್ಕೆ ಎಂತ ತಿನ್ಸ್ತೀರಿ ಕೇಳ್ತಾಳೆ."

ಬಂಗಡೆ ಗಿಡದ ಬಗ್ಗೆಯೂ ಅವಳು ಕೇಳಿ ಕೇಳಿ ಎಲ್ಲ ತಿಳಿದುಕೊಂಡಿದ್ದಳು. ಅದು ಆಫ್ರಿಕಾದ ಬರಡು ನೆಲದ್ದು. ಚಳಿಗಾಲದ ಕೊನೆಗೆ ಹೂ ಬಿಡಬೇಕು, ಅಕ್ಕೋರ ಮನೆಯಲ್ಲಿ ಒಮ್ಮೆಯೂ ಬಿಟ್ಟಿಲ್ಲ. ಹೂ ಬಿಡುವಷ್ಟು ಕಾಲ ಬದುಕಿದ್ದೇ ಇಲ್ಲ. ಮೂರು ಮಳೆಗಾಲಗಳಲ್ಲಿ ಮೂರು ಗಿಡ ಸತ್ತಿದ್ದವು, ಇದು ನಾಲ್ಕನೆಯದು. ಗೋವಾದಿಂದ ತಂದುಕೊಡುತ್ತಿದ್ದವನು ಆ ವ್ಯಾಪಾರವನ್ನೇ ಬಿಟ್ಟಿದ್ದರಿಂದ ಇದೇ ಕೊನೆಯದೂ ಆಗಿತ್ತು. ಕಾಶಿಯ ತಲೆಯಲ್ಲಿ ಕೂತದ್ದು ಮತ್ತೊಂದು ಸಂಗತಿ. ಬಾಲ್ಕನಿಗೆ ಮಳೆ ಬೀಳುವುದಿಲ್ಲ. ಅಕ್ಕೋರು ಜೂನ್ ತಿಂಗಳಿಂದ ಒಂದು ಹನಿ ನೀರೂ ಹಾಕುವುದಿಲ್ಲ. ಆದರೂ ಪ್ರತಿ ವರ್ಷ ಗಿಡ ಬುಡದಿಂದ ಕೊಳೆತು ಸಾಯುತ್ತಿತ್ತು. ನೀರೇ ಮುಟ್ಟದ್ದು ನೀರಿನಿಂದ ಹೇಗೆ ಕೊಳೆಯುತ್ತದೆ?

2004ರ ನವೆಂಬರಿನಲ್ಲಿ ಅಕ್ಕೋರ ಗಂಡನನ್ನು ಹತ್ತು ತಿಂಗಳ ಮಟ್ಟಿಗೆ ರಾಜಸ್ಥಾನದ ಸ್ಥಾವರಕ್ಕೆ ಕಳುಹಿಸಿದರು. ಅಕ್ಕೋರೂ ಶಾಲೆಗೆ ರಜೆ ಹಾಕಿ ಹೊರಟರು. ಉಳಿದ ಗಿಡಗಳು ಅಕ್ಕಪಕ್ಕದ ಮನೆಗಳಿಗೆ ಹೋದವು. ಬಂಗಡೆಯನ್ನು ಮಾತ್ರ ಕಾಶಿಗಾಗಿ ಇಟ್ಟಿದ್ದರು.

"ಇದನ್ನ ಬರೀ ಚೆಂದ ಅಂತ ನೋಡೋರು ಬೇಕಾದಷ್ಟು ಮಂದಿ ಇದ್ದಾರೆ, ಕಾಶಕ್ಕ" ಎಂದರು ಅಕ್ಕೋರು. "ಯಾಕೆ ಸಾಯ್ತದೆ ಅಂತ ಕೇಳಿದ್ದು ನೀವೊಬ್ರೇ. ಮಳೆಗಾಲ ದಾಟಿಸಿ ಕೊಡಿ. ಬೇರೆ ಎಂತದೂ ಬೇಡ."

ಕಾಶಿ ಒಪ್ಪಿದಳು. ಹದಿನೈದು ದಿನಕ್ಕೆ ಒಂದು ಸೌಟು ನೀರು, ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು. ಇಷ್ಟನ್ನು ಬಾಯಿಪಾಠ ಮಾಡಿಕೊಂಡಳು. ಅದರ ಜೊತೆ ಇನ್ನೊಂದು ಸಣ್ಣ ಕುಂಡವೂ ಸಿಕ್ಕಿತು, ಅದು ಅವಳಿಗೇ ಎಂದು ಕೊಟ್ಟದ್ದು. ಅದರಲ್ಲಿ ಹೆಬ್ಬೆರಳು ದಪ್ಪದ ಹತ್ತು ಮರಿ ಅಲೋಗಳು ಒತ್ತೊತ್ತಾಗಿದ್ದವು. ಎಲೆಯ ಅಂಚಿಗೆಲ್ಲ ಗರಗಸದಂಥ ಹಲ್ಲು. ಕಾಶಿ ಅದಕ್ಕೆ ಏಡಿ ಎಂದು ಹೆಸರಿಟ್ಟಳು. ಎರಡೂ ಕುಂಡಗಳು ಖಾಲಿ ಮೀನಬುಟ್ಟಿಯಲ್ಲಿ ಕೂತು ಬಸ್ಸಿನಲ್ಲಿ ಅವರ್ಸಾಕ್ಕೆ ಬಂದವು.

ಬಂಗಡೆಯ ವಿಷಯದಲ್ಲಿ ಅವಳು ಅಕ್ಕೋರ ಮಾತು ದಾಟಲಿಲ್ಲ. ಏಡಿ ತನ್ನದೇ ಆದ್ದರಿಂದ ತನ್ನ ಪದ್ಧತಿಯಲ್ಲೇ ಸಾಕಲು ಹೊರಟಳು. ಕುಂಡ ಸಣ್ಣದೆಂದು ದೊಡ್ಡ ಡಬ್ಬಿಗೆ ಬದಲಿಸಿದಳು. ಬರಡು ನೆಲದ ಗಿಡಕ್ಕೆ ಮರಳು ಹಿಡಿಸೀತೆಂದು ದಂಡೆಯಿಂದ ಮರಳು ತಂದು ತುಂಬಿದಳು. ದಿನಾ ಮೀನು ತೊಳೆದ ನೀರನ್ನು ಬುಡಕ್ಕೆ ಹೊಯ್ದಳು. ಆ ಕೇರಿಯಲ್ಲಿ ಮೀನು ತೊಳೆದ ನೀರನ್ನು ಚೆಲ್ಲುವವರಿಲ್ಲ. ಮಲ್ಲಿಗೆಗೆ, ನುಗ್ಗೆಗೆ, ತೆಂಗಿನ ಸಸಿಗೆ ಅದೇ ಗೊಬ್ಬರ. ಅದನ್ನು ಕುಡಿದು ಕೆಟ್ಟ ಗಿಡವನ್ನು ಕಾಶಿ ನೋಡಿರಲಿಲ್ಲ. ಮೂರು ವಾರಕ್ಕೆ ಏಡಿಯ ನಡುವಿನ ಮರಿ ಗಾಜಿನಂತೆ ಪಾರದರ್ಶಕವಾಗಿ, ಮುಟ್ಟಿದರೆ ಕೈಗೇ ಕಳಚಿ ಬಂತು. ಮೂಗಿಗೆ ಹಿಡಿದಳು. ಹೊಟ್ಟೆ ಒಡೆದ ತಾರ್ಲೆಯ ವಾಸನೆಗೆ ತಮ್ಮನಂಥ ವಾಸನೆ.

ಸೊಸೆ ಪೂರ್ಣಿಮಾ ಅದನ್ನು ತಿಪ್ಪೆಗೆ ಹಾಕಲು ಹೊರಟಾಗ ಕಾಶಿ ತಡೆದಳು. ಡಬ್ಬಿಯನ್ನು ಅಂಗಳದಲ್ಲಿ ಮಗುಚಿ, ಹಲಗೆಯ ಮೇಲೆ ಹತ್ತೂ ಮರಿಗಳನ್ನು ಮೀನು ವಿಂಗಡಿಸುವ ಹಾಗೆ ಸಾಲಾಗಿಟ್ಟು ಒಂದೊಂದನ್ನೇ ಹೆಬ್ಬೆರಳಿನಿಂದ ಒತ್ತಿದಳು. ನಾಲ್ಕು ಮೆತ್ತಗಾಗಿದ್ದವು. ಆರು ಗಟ್ಟಿ. ಅವನ್ನು ತೊಳೆದು, ಕೆಂಪು ಜಲ್ಲಿಮಣ್ಣಿನಲ್ಲಿ ನೆಟ್ಟು, ನೀರು ಹಾಕುವುದನ್ನೇ ಬಿಟ್ಟಳು. ಆರೂ ಉಳಿದವು. ಆದರೆ ಮಗುಚಿದ ಮರಳನ್ನು ಅವಳು ಚೆಲ್ಲಲಿಲ್ಲ. ಜಗಲಿಯಲ್ಲಿ ಒಂದು ಹಾಳೆಯ ಮೇಲೆ ಹರವಿಟ್ಟು ದಿನಾ ಕೈಯಾಡಿಸಿ ನೋಡಿದಳು. ಬಿಸಿಲಿದ್ದಾಗ ಒಣಗಿರುತ್ತಿತ್ತು, ಸಂಜೆ ಕಡಲ ಗಾಳಿ ಬೀಸಿದರೆ ಮತ್ತೆ ತಣ್ಣಗೆ ಅಂಟುತ್ತಿತ್ತು.

"ಉಪ್ಪು" ಎಂದಳು ಯಾರಿಗೆಂದಿಲ್ಲದೆ.

ಅದು ಅವಳಿಗೆ ಹೊಸ ವಿಷಯವಲ್ಲ. ಮಳೆಗಾಲದಲ್ಲಿ ಒಣಮೀನನ್ನು ಡಬ್ಬಿಯಲ್ಲಿ ಎಷ್ಟು ಬಿಗಿಯಾಗಿ ಮುಚ್ಚಿಟ್ಟರೂ ಮೆತ್ತಗಾಗುತ್ತದೆ. ಮಳೆ ಒಳಗೆ ಬಂದದ್ದಕ್ಕಲ್ಲ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಅದಕ್ಕಾಗಿಯೇ ಅವಳ ಮನೆಯಲ್ಲಿ ಅಡುಗೆಗೆ ಗ್ಯಾಸ್ ಬಂದರೂ ಹಿಂದಿನ ಕೋಣೆಯ ಹಳೆಯ ಕಟ್ಟಿಗೆ ಒಲೆಯನ್ನು ಒಡೆದಿರಲಿಲ್ಲ. ಜೂನಿನಿಂದ ನಾಲ್ಕು ತಿಂಗಳು ಅದು ಉರಿಯುತ್ತಿದ್ದುದು ಅದರ ಮೇಲಿನ ಅಟ್ಟದಲ್ಲಿ ತೂಗುಹಾಕಿದ ಮೀನಿಗಾಗಿ. ಹಾಗಾದರೆ ಅಕ್ಕೋರ ಬಾಲ್ಕನಿಯಲ್ಲಿ? ಅಲ್ಲಿ ಉಪ್ಪಿರಲಿಲ್ಲ. ಮಣ್ಣಿತ್ತು. ನಾಲ್ಕು ತಿಂಗಳು ಒಣಗಲು ಗಾಳಿಯೇ ಬಿಡದಿದ್ದರೆ ಮಣ್ಣಿಗೂ ಅದೇ ಗತಿ ಇರಬಹುದೇ ಎಂದು ಅವಳಿಗೆ ಅನುಮಾನ ಹುಟ್ಟಿತು. ಅನುಮಾನ ಮಾತ್ರ.

ಮೇ ಕೊನೆಯಲ್ಲಿ ದೋಣಿಗಳನ್ನು ದಂಡೆಯ ಮೇಲಕ್ಕೆಳೆದು, ಹೆಣೆದ ತೆಂಗಿನ ಗರಿ ಹೊದಿಸಿದರು. ಕಾಶಿ ಬಂಗಡೆಯ ಕುಂಡವನ್ನು ಜಗಲಿಯಲ್ಲಿ ಮಳೆ ಎರಚದ, ಬೆಳಕು ಬೀಳುವ ಜಾಗಕ್ಕೆ ತಂದಿಟ್ಟಳು. ಸೌಟು ನೀರನ್ನೂ ನಿಲ್ಲಿಸಿದಳು. ನಂತರ ಬಾಗಿಲಲ್ಲಿ ನಿಂತು ಹೊರಗಿನ ಮಳೆ ನೋಡುತ್ತಿದ್ದಾಗ ತಲೆಗೆ ಏನೋ ತಾಗಿತು. ದೃಷ್ಟಿಗೆ ಕಟ್ಟಿದ ಲೋಳೆಸರ.

ಎರಡು ವರ್ಷಗಳಿಂದ ಅದರ ಕೆಳಗೇ ಓಡಾಡಿದವಳು ಅಂದು ಮೊದಲ ಬಾರಿಗೆ ಕತ್ತೆತ್ತಿ ನೋಡಿದಳು. ಕಟ್ಟಿ ಎಷ್ಟು ಕಾಲವಾಯಿತೆಂದು ಪೂರ್ಣಿಮಾಳನ್ನು ಕೇಳಿದಳು. ಅವಳ ಮದುವೆಗೆ ಕಟ್ಟಿದ್ದು. ಎರಡು ಮಳೆಗಾಲ ಕಳೆದು ಇದು ಮೂರನೆಯದು. ಮಣ್ಣಿಲ್ಲ, ನೀರಿಲ್ಲ, ತಲೆ ಕೆಳಗೆ. ಎಲೆಗಳು ತೆಳ್ಳಗಾಗಿ ಕೆಂಪಗಾಗಿದ್ದವು, ತುದಿಗಳು ಬೆಳಕಿನ ಕಡೆಗೆ ಮೇಲಕ್ಕೆ ಬಾಗಿದ್ದವು. ಸತ್ತಿರಲಿಲ್ಲ. ಕೊಳೆತೂ ಇರಲಿಲ್ಲ. ಒತ್ತಿದಳು, ಗಟ್ಟಿ.

ಅಂದೇ ಏಡಿಯ ಆರು ಮರಿಗಳಲ್ಲಿ ಮೂರನ್ನು ಮಣ್ಣಿನಿಂದ ಕಿತ್ತು, ಬೇರು ಝಾಡಿಸಿ, ತೆಂಗಿನ ನಾರಿನ ದಾರದಲ್ಲಿ ಕಟ್ಟಿ ಹಿಂದಿನ ಕೋಣೆಯ ಅಟ್ಟಕ್ಕೆ ತೂಗುಹಾಕಿದಳು. ಮೂರನ್ನು ಕುಂಡದಲ್ಲೇ ಬಿಟ್ಟಳು. ತುಳಸಿದಾಸ ಬಲೆಯಿಂದ ಕಣ್ಣೆತ್ತದೆ, ಮಸಾಲೆ ಸಹ ಈಗಲೇ ಅರೆದಿಡಲು ಹೇಳಲೇ ಎಂದು ಕೇಳಿದ.

ಜುಲೈ ಎರಡನೇ ವಾರದಲ್ಲಿ ಸತತ ಐದು ದಿನ ಬಿಸಿಲೇ ಇಲ್ಲದೆ ಸುರಿಯಿತು. ಆರನೆಯ ದಿನ ಕುಂಡದ ಮೂರು ಏಡಿಗಳೂ ಬುಡದಲ್ಲಿ ಮೆತ್ತಗಾದವು. ನಲವತ್ತು ದಿನ ನೀರು ಕಾಣದ ಮಣ್ಣು ಹಿಂಡಿದರೆ ಉಂಡೆಯಾಗುತ್ತಿತ್ತು. ಅಟ್ಟದ ಮೂರು ಸಣ್ಣಗಾಗಿದ್ದವು, ಆದರೆ ಗಟ್ಟಿಯಾಗಿದ್ದವು. ಕಾಶಿ ಜಗಲಿಗೆ ಓಡಿ ಬಂಗಡೆಯನ್ನು ಮುಟ್ಟಿದಳು. ಎಲ್ಲಕ್ಕಿಂತ ಕೆಳಗಿನ ಎಲೆ ಬೆರಳಿನ ಒತ್ತಿಗೆ ಕುಸಿಯಿತು.

ಈಗ ಅನುಮಾನ ಉಳಿದಿರಲಿಲ್ಲ. ಭಯ ಮಾತ್ರ ಇತ್ತು. ಏಡಿ ಅವಳದು, ಸತ್ತರೆ ಸಾಯಲಿ. ಇದು ಇನ್ನೊಬ್ಬರ ಗಿಡ, ಅದೂ ಕೊನೆಯದು. ಕುಂಡದಲ್ಲಿಯೇ ಸತ್ತರೆ ಮಳೆಗಾಲದ ತಪ್ಪಾಗುತ್ತಿತ್ತು. ಕಿತ್ತು ತೂಗುಹಾಕಿ ಸತ್ತರೆ ಅವಳ ತಪ್ಪು. ತುಳಸಿದಾಸನಿಗೆ ಬೇರೆಯೇ ಚಿಂತೆ.

"ದೃಷ್ಟಿಗೆ ಕಟ್ಟಿದ ಲೋಳೆಸರ ತಿರ್ಗಿ ನೆಡೂದುಂಟೇ? ಮನೆ ಮೇಲಿನ ಕೆಟ್ಟದ್ದೆಲ್ಲ ಅದ್ರಲ್ಲಿ ಕೂತಿರ್ತದೆ. ಅದ್ನ ಹೋಗಿ ಅಕ್ಕೋರ ಮನೆಗೆ ಕೊಡ್ತಿ?"

"ಬಾಗಿಲಿಗೆ ಕಟ್ಟೂದಿಲ್ಲ ನಾನು" ಎಂದಳು ಕಾಶಿ. "ಅಟ್ಟಕ್ಕೆ ಕಟ್ತೆ. ಅಟ್ಟದಲ್ಲಿ ಕಟ್ಟಿದ್ದು ಮೀನು. ಮೀನಿಗೆ ಯಾರ ದೃಷ್ಟಿ ತಾಗ್ತದೆ, ನಿಮ್ದು ಬಿಟ್ರೆ?"

ಒಳಗಿನಿಂದ ಪೂರ್ಣಿಮಾ ನಕ್ಕದ್ದು ಕೇಳಿಸಿತು.

ಕುಂಡ ಮಗುಚಿದಾಗ ಬೇರಿನ ಅರ್ಧ ಕಪ್ಪಾಗಿತ್ತು. ಮೀನು ಸೀಳುವ ಕತ್ತಿಯನ್ನು ತೊಳೆದು ಬೆಂಕಿಗೆ ಹಿಡಿದು, ಕಪ್ಪು ಬೇರನ್ನೂ ಮೆತ್ತಗಿನ ಎರಡು ಎಲೆಗಳನ್ನೂ ಕತ್ತರಿಸಿದಳು. ಬಿಳಿಯ ಗಟ್ಟಿ ಭಾಗ ಕಾಣುವವರೆಗೂ ಕೊಯ್ದಳು. ಆಮೇಲೆ ಮೂವತ್ತು ವರ್ಷಗಳ ರೂಢಿಯಲ್ಲಿ ಅವಳ ಕೈ ತಾನಾಗಿಯೇ ಉಪ್ಪಿನ ಮರಿಗೆಗೆ ಹೋಯಿತು. ಸೀಳಿದ್ದಕ್ಕೆ ಉಪ್ಪು ಸವರದೆ ಆ ಕೈ ಸುಮ್ಮನಿದ್ದದ್ದೇ ಇಲ್ಲ. ಮುಷ್ಟಿ ತುಂಬಿ ಗಾಯದ ಹತ್ತಿರ ತಂದವಳು ನಿಂತಳು. ಹಾಳೆಯ ಮೇಲೆ ಸಂಜೆ ಸಂಜೆಗೆ ಅಂಟುತ್ತಿದ್ದ ಮರಳು ನೆನಪಾಯಿತು. ಉಪ್ಪನ್ನು ಮರಿಗೆಗೆ ಮರಳಿ ಸುರಿದು, ಕೈ ತೊಳೆದು, ಒಲೆಯಿಂದ ತಣ್ಣನೆಯ ಬೂದಿ ತೆಗೆದು ಸವರಿದಳು. ಬೇರು ಮೇಲೆ ಮಾಡಿ ಕಟ್ಟಿದಳು. ಒಂದು ಕಡೆ ಒಣಗಿಸಿದ ಮೋರಿ ಮೀನು, ಇನ್ನೊಂದು ಕಡೆ ಬಂಗಡೆಯ ಸರ. ಮಧ್ಯದಲ್ಲಿ ಆಫ್ರಿಕಾದ ಬಂಗಡೆ.

ಮುಂದಿನ ಏಳು ವಾರ ಅವಳು ದಿನಕ್ಕೊಮ್ಮೆ ಅಟ್ಟದ ಕೆಳಗೆ ಸ್ಟೂಲು ಹಾಕಿ ಹತ್ತಿ ಅದನ್ನು ಒತ್ತಿ ನೋಡಿದಳು. ಗಿಡ ದಿನದಿನಕ್ಕೂ ಕುಗ್ಗಿತು. ಹೊರಗಿನ ಎಲೆಗಳು ಒಣಗಿ ಕಾಗದವಾದವು. ಒಳಗಿನವು ಒಂದನ್ನೊಂದು ಅಪ್ಪಿಕೊಂಡು ಮುಷ್ಟಿಯ ಹಾಗೆ ಮುಚ್ಚಿಕೊಂಡವು. ಹಸಿರು ಹೋಗಿ ಕಂದು ಬಂತು. ಸತ್ತು ಹೋಯಿತು, ಇಳಿಸಿ ಬಿಡಿ ಎಂದು ಪೂರ್ಣಿಮಾ ಒಮ್ಮೆ ಹೇಳಿದಾಗ ಕಾಶಿ ಅವಳ ಕೈ ಹಿಡಿದು ಗಿಡಕ್ಕೆ ಮುಟ್ಟಿಸಿದಳು. ಒಣಗುವುದು ಬೇರೆ, ಕೊಳೆಯುವುದು ಬೇರೆ. ಕಣ್ಣಿಗೆ ಎರಡೂ ಒಂದೇ ರೀತಿ ಕಂಡರೂ ಹೆಬ್ಬೆರಳಿಗೆ ಹಾಗಲ್ಲ. ಅದನ್ನು ಅವಳು ಸೊಸೆಗೆ ಮೀನಿನಲ್ಲಿ ಕಲಿಸಿದ್ದಳು. ಈಗ ಗಿಡದಲ್ಲಿ ಕಲಿಸಿದಳು.

ಶ್ರಾವಣದ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು ದೋಣಿಗಳು ಇಳಿದವು. ಚೌತಿಗೆ ಇನ್ನೂ ನಾಲ್ಕು ದಿನವಿರುವಾಗ, ಜಿಟಿಜಿಟಿ ಮಳೆಯಲ್ಲಿ, ಹೆದ್ದಾರಿಯಲ್ಲಿ ಬಸ್ಸಿಳಿದು ಕಲಾವತಿ ಅಕ್ಕೋರು ನಡೆದು ಬಂದರು. ಹಿಂದಿನ ದಿನವಷ್ಟೇ ರಾಜಸ್ಥಾನದಿಂದ ಅಂಕೋಲೆಯ ತವರಿಗೆ ತಲುಪಿದ್ದರು. ಜಗಲಿಯಲ್ಲಿ ಕೂರುವ ಮೊದಲೇ ಅವರ ಕಣ್ಣು ಖಾಲಿ ಕುಂಡದ ಮೇಲೆ ಬಿತ್ತು. ಬಿಸಿಲ ನಾಡಿನ ಧೂಳು, ಮಕ್ಕಳ ಶಾಲೆ ಎಂದು ಮಾತು ಬೇರೆ ಕಡೆಗೆ ತಿರುಗಿಸಿದರು. ಕಾಶಿಗೆ ನೋವಾಗದಿರಲಿ ಎಂಬುದು ಅವರ ಉದ್ದೇಶವೆಂದು ತಿಳಿಯಿತು. ಅದಕ್ಕೇ ಅವಳಿಗೆ ಇನ್ನಷ್ಟು ಕಷ್ಟವಾಯಿತು.

"ಒಳಗೆ ಬನ್ನಿ ಅಕ್ಕೋರೆ. ಎಂತ ಇದ್ರೂ ನೋಡೇ ಬಯ್ರಿ."

ಹಿಂದಿನ ಕೋಣೆಯಲ್ಲಿ ಹೊಗೆಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಕಾಶಿ ಸ್ಟೂಲು ಹತ್ತಿ ದಾರ ಬಿಚ್ಚಿ, ಕಂದು ಬಣ್ಣದ ಮುಷ್ಟಿಯನ್ನು ಅಕ್ಕೋರ ಅಂಗೈಯಲ್ಲಿಟ್ಟಳು. ಒಣಮೀನಿನ ವಾಸನೆ ಹೊಡೆಯುತ್ತಿತ್ತು. ಅಕ್ಕೋರ ಮುಖ ಇಳಿಯಿತು.

"ಇದು ಹೋಗಿದೆ, ಕಾಶಕ್ಕ."

"ಒತ್ತಿ ನೋಡಿ."

ಅಕ್ಕೋರು ಒತ್ತಿದರು. ಮತ್ತೆ ಒತ್ತಿದರು. ಕಿಟಕಿಯ ಬಳಿಗೆ ಒಯ್ದು ಕನ್ನಡಕ ಸರಿಮಾಡಿಕೊಂಡರು. ಎಲೆಗಳ ಸಂದಿಯಲ್ಲಿ, ಮುಷ್ಟಿಯ ಒಳಗೆ, ಪಟ್ಟೆಗಳ ಹಸಿರು ಹಾಗೆಯೇ ಇತ್ತು. ಬೂದಿ ಸವರಿದ ಬುಡದ ಗಾಯ ಒಣಗಿ ಚರ್ಮವಾಗಿತ್ತು. ಅದರ ಅಂಚಿನಿಂದ ಅಕ್ಕಿಯ ಮೊನೆಯಷ್ಟು ಬಿಳಿಯದೊಂದು ಗಾಳಿಯಲ್ಲೇ ಹೊರಗೆ ಇಣುಕಿತ್ತು. ಹೊಸ ಬೇರು.

ಅವರು ಗಿಡವನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದರು. ಆಮೇಲೆ ಕುಂಡ ಕೊಡಿ, ಈಗಲೇ ನೆಟ್ಟು ಒಯ್ಯುತ್ತೇನೆ ಎಂದರು. ಕಾಶಿ ಗಿಡವನ್ನು ಅವರ ಕೈಯಿಂದ ಹಿಂದಕ್ಕೆ ತೆಗೆದುಕೊಂಡಳು.

"ಈಗ ಕೊಡೂದಿಲ್ಲ. ಹೊರಗೆ ನೋಡಿ, ನನ್ನ ತಾರ್ಲೆ ಒಣಗ್ತದೆ ಈಗ? ತಾರ್ಲೆ ಒಣಗದ ಗಾಳೀಲಿ ಇದ್ನ ನೆಟ್ರೆ ಮತ್ತೆ ಅದೇ ಕತೆ. ಮೊದಲ್ನೇ ಮೀನು ಒಂದೇ ಬಿಸಿಲಿಗೆ ಗರಿಗರಿ ಆದ ದಿನ ನಾನೇ ತರ್ತೆ."

ತನ್ನ ಗಿಡವನ್ನೇ ತನಗೆ ಕೊಡುವುದಿಲ್ಲವೆನ್ನುವವಳ ಮುಂದೆ ಅಕ್ಕೋರು ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಶಾಲೆಯ ಮಕ್ಕಳ ಹಾಗೆ ಯಾವ ಮಣ್ಣು, ಎಷ್ಟು ಜಲ್ಲಿ, ನೆಟ್ಟ ಮೇಲೆ ಎಷ್ಟು ದಿನಕ್ಕೆ ನೀರು ಎಂದು ಕೇಳತೊಡಗಿದರು. ಗೊತ್ತಿದ್ದದ್ದಕ್ಕೆ ಕಾಶಿ ಉತ್ತರ ಹೇಳಿದಳು, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದಳು. ಬೇರು ಮೇಲೆಯೇ ಇರಬೇಕೋ, ಅಡ್ಡ ಮಲಗಿಸಿದರೂ ಆದೀತೋ? ಅದನ್ನು ಅವಳು ನೋಡಿರಲಿಲ್ಲ. ಏಡಿ ಮೂರಿವೆ, ಮುಂದಿನ ವರ್ಷ ಒಂದನ್ನು ಅಡ್ಡ ಮಲಗಿಸಿ ನೋಡಬೇಕು ಎಂದಳು.

ಆ ದಿನ ಬಂದದ್ದು ನವರಾತ್ರಿ ಕಳೆದ ವಾರ. ಕಾಶಿ ಗಿಡವನ್ನು ಒಡೆದ ಹಂಚಿನ ಚೂರು ಮತ್ತು ಕೆಂಪು ಜಲ್ಲಿಯ ಮೇಲೆ ಕೂರಿಸಿ, ಮೀನಬುಟ್ಟಿಯಲ್ಲಿಟ್ಟು ಮಲ್ಲಾಪುರದ ಮೂರನೇ ಮಹಡಿಗೆ ಹತ್ತಿಸಿದಳು. ಎಂಟು ದಿನ ನೀರು ಹಾಕಕೂಡದು ಎಂದು ಹೇಳಿ ಬಂದಳು. ಹದಿನೈದು ದಿನ ಬಿಟ್ಟು ಹೋದಾಗ ಮುಷ್ಟಿ ಸಡಿಲವಾಗಿತ್ತು. ದೀಪಾವಳಿ ಕಳೆದ ಮೇಲೆ ಎಲೆಗಳು ಬಿಚ್ಚಿಕೊಂಡವು. ವಾಸನೆ ಮಾತ್ರ ಡಿಸೆಂಬರಿನವರೆಗೂ ಹೋಗಲಿಲ್ಲವೆಂದು ಅಕ್ಕೋರು ಹೇಳುತ್ತಿದ್ದರು. ಪಕ್ಕದ ಮನೆಯ ಬೆಕ್ಕು ಬಂದು ಕುಂಡದ ಬಳಿ ಮಲಗುತ್ತಿತ್ತಂತೆ.

2006ರ ಫೆಬ್ರವರಿಯಲ್ಲಿ ಒಂದು ಬುಧವಾರ ಅಕ್ಕೋರ ಫೋನು ಪಕ್ಕದ ಅಂಗಡಿಗೆ ಬಂತು. ಕಾಶಿ ಮರುದಿನವೇ ಹೊರಟಳು. ಬುಟ್ಟಿಯಿಲ್ಲದೆ ಅವಳು ಮಲ್ಲಾಪುರದ ಬಸ್ಸು ಹತ್ತಿದ್ದು ಅದೇ ಮೊದಲು. ಕಂಡಕ್ಟರ್ ಮೀನೆಲ್ಲಿ ಎಂದು ಎರಡು ಸಲ ಕೇಳಿದ.

ಬಾಲ್ಕನಿಯ ಮೂಲೆಯಲ್ಲಿ ಎಂದಿನ ಹಾಗೆ ಕೂತಳು. ಎಲೆಗಳ ನಡುವಿನಿಂದ ಗೇಣುದ್ದದ ಒಂದು ಕಡ್ಡಿ ನೇರವಾಗಿ ಎದ್ದಿತ್ತು. ಅದರ ಸುತ್ತ ಹದಿನೆಂಟು ಹೂ, ಕೆಂಪಿಗೂ ಕೇಸರಿಗೂ ನಡುವಿನ ಬಣ್ಣ, ಸಣ್ಣ ಕೊಳವೆಗಳ ಹಾಗೆ. ಕಾಶಿ ಎಣಿಸಿದಳು. ಆಮೇಲೆ ತಲೆ ಓರೆ ಮಾಡಿ, ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ಕೆಳಗಿನಿಂದ ನೋಡಿದಳು. ಕಡ್ಡಿ ಮೇಲಕ್ಕೆ ಹೋಗಿದ್ದರೂ ಹೂಗಳೆಲ್ಲ ಬಾಯಿ ಕೆಳಗೆ ಮಾಡಿ ತೂಗುತ್ತಿದ್ದವು.

"ಅಕ್ಕೋರೆ, ಇವೂ ತಲೆ ಕೆಳಗೇ ಅವೆ. ಎಂತಕ್ಕೆ?"

ಅಕ್ಕೋರೂ ಪಕ್ಕದಲ್ಲಿ ಬಗ್ಗಿ ಕೆಳಗಿನಿಂದ ನೋಡಿದರು. ನೆಲದಿಂದ ಏಳುವಾಗ ಕಾಶಿ ರೂಢಿಯಂತೆ ಬುಡದ ಎಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ಗಟ್ಟಿ ಅದೆ" ಎಂದಳು. "ಮಳೆಗಾಲಕ್ಕೆ ದೋಣಿ ಮೇಲೆ ಎಳ್ದ ದಿನ ಬರ್ತೆ. ನಿಮ್ಮ ಹಿಂದಿನ ಕೋಣೇಲಿ ಒಂದು ಮೊಳೆ ಹೊಡ್ಸಿಡಿ."